ಅಪ್ಪನಿಗೆ ಕಲಿಸಿದ ತರ್ಕ

ನನ್ನ ಅಪ್ಪನಿಗೆ ತರ್ಕ ಕಲಿಸಿದವಳು ನಾನೇ. ಹಾಗಾಗಿ ಮುಂದೆ ಆದದ್ದಕ್ಕೆ ಬೇರೆ ಯಾರನ್ನೂ ಪೂರ್ತಿ ಬಯ್ಯುವ ಹಾಗಿಲ್ಲ. ಬಯ್ಯುತ್ತೇನೆ, ಆ ಮಾತು ಬೇರೆ. ಈಗ ನಮ್ಮೂರಿನ ಪಂಚಾಯ್ತಿಯ ಪಕ್ಕಕ್ಕೆ ಇರುವ ಆನ್‌ಲೈನ್ ಅಂಗಡಿಯಲ್ಲಿ ಕೂತು ನಾನು ಊರವರ ಅರ್ಜಿ ತುಂಬುತ್ತೇನೆ. ಕಾನೂನು ಓದಬೇಕೆಂದು ಯಾವಳಾದರೂ ಹುಡುಗಿ ಬಂದರೆ ನನಗೆ ಗೊತ್ತಿದ್ದಷ್ಟನ್ನು ಹೇಳಿಕೊಡುತ್ತೇನೆ. ಹೋಗುವಾಗ ಮಾತ್ರ, ಇದನ್ನು ಮನೆಯಲ್ಲಿ ಯಾರಿಗೂ ಕಲಿಸಬೇಡ ಎಂದು ಹೇಳಿ ಕಳಿಸುತ್ತೇನೆ. ಅವರು ನಗುತ್ತಾರೆ. ನಾನು ಯಾಕೆಂದು ಹೇಳುವುದಿಲ್ಲ.

ಬಮ್ಮಿಗಟ್ಟಿಯ ಆಚೆಗೆ ನಮ್ಮ ಊರು. ಕಲಘಟಗಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಗ ನನಗೆ ವಕೀಲಳಾಗುವ ಹುಚ್ಚು ಹತ್ತಿತು. ಅದಕ್ಕೂ ಅಪ್ಪನೇ ಕಾರಣ. ನಮ್ಮ ಹೊಲಕ್ಕೆ ಹೋಗುವ ಬಂಡಿದಾರಿಗೆ ಪಕ್ಕದ ಹೊಲದವರು ಅಡ್ಡ ಮುಳ್ಳುಬೇಲಿ ಬಡಿದಿದ್ದರು. ಅಪ್ಪ ತಹಶೀಲ್ದಾರರ ಕಚೇರಿಗೆ ನಾಲ್ಕು ಸಲ ಹೋಗಿ, ನಾಲ್ಕೂ ಸಲ ಬಾಗಿಲ ಹೊರಗೆ ನಿಂತು ವಾಪಸು ಬಂದಿದ್ದ. ಐದನೇ ಸಲ ನಾನೂ ಜೊತೆಗೆ ಹೋದೆ. ಅವತ್ತು ಬೇರೆ ಯಾರದೋ ಕೆಲಸಕ್ಕೆ ಒಬ್ಬ ವಕೀಲ ಹೆಣ್ಣುಮಗಳು ಬಂದಿದ್ದಳು. ಕರಿ ಕೋಟು, ಕೈಯಲ್ಲಿ ಒಂದೇ ಒಂದು ಹಾಳೆ. ಒಳಗೆ ಹೋಗಿ ಮೂರು ಮಾತು ಆಡಿದಳು. ಮೂರನೆಯ ಮಾತಿಗೆ ಸಾಹೇಬರು ಫೈಲಿನಿಂದ ತಲೆ ಎತ್ತಿ "ಕೂಡ್ರಿ ಮೇಡಂ" ಎಂದರು. ನನ್ನ ಅಪ್ಪನಿಗೆ ಐದು ಸಲದಲ್ಲಿ ಒಮ್ಮೆಯೂ ಯಾರೂ ಕೂಡ್ರಿ ಅಂದಿರಲಿಲ್ಲ. ಆ ಒಂದು ಮಾತಿಗೋಸ್ಕರ ನಾನು ವಕೀಲಳಾಗಬೇಕೆಂದುಕೊಂಡೆ. ನ್ಯಾಯ, ಸಂವಿಧಾನ, ಸಮಾಜಸೇವೆ ಎಂಬುದೆಲ್ಲ ಆಮೇಲೆ ಫಾರ್ಮು ತುಂಬುವಾಗ ಹೊಳೆದದ್ದು.

ಒಳ್ಳೆಯ ಕಾನೂನು ಕಾಲೇಜಿಗೆ ಹೋಗಬೇಕೆಂದರೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಅತಿಥಿ ಉಪನ್ಯಾಸಕಿ ಒಬ್ಬರಿದ್ದರು. ಹಿಂದೆ ತಾವೂ ಆ ಪರೀಕ್ಷೆಗೆ ಓದಿದವರು. ಊಟದ ಬಿಡುವಿನಲ್ಲಿ ಖಾಲಿ ಕೋಣೆಯೊಂದರಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಮೊದಲ ದಿನವೇ ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿಗೆ 'ಸಾಕು' ಎಂದೂ ಇನ್ನೊಂದು ಬದಿಗೆ 'ಬೇಕು' ಎಂದೂ ಬರೆದರು.

"ನೋಡು ತಂಗಿ, ಕೆಲವು ಶಬ್ದ ಕಂಡ ಕೂಡ್ಲೆ ನಿನ್ನ ಪೆನ್ನು ನಿಲ್ಲಬೇಕು," ಎಂದರು. "ಇಫ್ ಅಂತ ಬಂತೋ, ಅದರ ಮುಂದ ಬರೂದು ಸಾಕು ಅನ್ನೋ ಮನಿಗೆ ಹೋಗತೈತಿ. ಓನ್ಲಿ ಇಫ್ ಅಂತ ಬಂತೋ, ಬೇಕು ಅನ್ನೋ ಮನಿಗೆ. ಮನಿ ತಪ್ಪಿದ್ರ ಉತ್ತರ ತಪ್ಪಿದಂಗ."

ಮಳೆ ಆದರೆ ಅಂಗಳ ತೋಯುತ್ತದೆ. ಅಂಗಳ ತೋಯಲು ಮಳೆ ಒಂದೇ ಸಾಕು. ಆದರೆ ಮಳೆ ಆಗಲಿಲ್ಲ ಎಂದ ಮಾತ್ರಕ್ಕೆ ಅಂಗಳ ಒಣಗಿದೆ ಎನ್ನುವಂತಿಲ್ಲ, ಅವ್ವ ನೀರು ಹೊಡೆದಿರಬಹುದು. ಟಿಕೇಟು ಇದ್ದರೆ ಮಾತ್ರ ಬಸ್ಸಿನಲ್ಲಿ ಹೋಗಬಹುದು. ಟಿಕೇಟು ಬೇಕೇ ಬೇಕು, ಆದರೆ ಟಿಕೇಟು ಇದ್ದ ಮಾತ್ರಕ್ಕೆ ಬಸ್ಸು ಬರುತ್ತದೆ ಎಂದು ನಮ್ಮೂರಿನವರಿಗೆ ಯಾರೂ ಹೇಳಲಾರರು. ಅನ್‌ಲೆಸ್ ಎಂಬುದು ನನ್ನನ್ನು ಹದಿನೈದು ದಿನ ಕಾಡಿತು. ಅವ್ವ ಬಯ್ಯದ ಹೊರತು ನಾನು ಏಳುವುದಿಲ್ಲ ಎಂದಿಟ್ಟುಕೋ, ಎಂದರು ಮೇಡಂ. ಹಾಗಾದರೆ ನಾನು ಎದ್ದಿದ್ದೇನೆ ಎಂದರೆ ಅವ್ವ ಬಯ್ದಿದ್ದಾಳೆ ಎಂದರ್ಥ. ಆದರೆ ಅವ್ವ ಬಯ್ದಳೆಂದ ಕೂಡಲೇ ನಾನು ಎದ್ದೇ ಬಿಡುತ್ತೇನೆ ಎಂದೇನಲ್ಲ. ಇದು ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಸಾಬೀತಾಗುತ್ತಿದ್ದ ಮಾತಾದ್ದರಿಂದ ಕೊನೆಗೆ ತಲೆಗೆ ಹತ್ತಿತು.

ಸಂಜೆ ಮನೆಗೆ ಬಂದು ಅದನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಪಡಸಾಲೆಯಲ್ಲಿ ಕೂತು ಗೋವಿನಜೋಳದ ತೆನೆ ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದ. ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ಆದರೆ ತಲೆ ಅಗದಿ ಚುರುಕು.

"ಏನ್ ಬೇ ಅದು, ಆದ್ರ ಹೋದ್ರ ಅಂತ ಒಂದ ಸಮನ ಹಚ್ಚೀದಿ?" ಎಂದ ಒಂದು ದಿನ. ನಾನು ಮಳೆಯ ಲೆಕ್ಕ ಹೇಳಿದೆ. ಅವನು ಕೈಯಲ್ಲಿನ ತೆನೆ ಕೆಳಗಿಟ್ಟು ಸ್ವಲ್ಪ ಹೊತ್ತು ಅಂಗಳ ನೋಡಿದ. "ಖರೆ ಐತಿ ನೋಡು. ಮಂದಿ ಎಲ್ಲಾ ಇದರಾಗ ತಪ್ಪತಾರ," ಎಂದ. ಆಮೇಲೆ ದಿನಾ ಅವನೇ ಕೇಳತೊಡಗಿದ. ಇವತ್ತೇನು ಕಲಿತಿ, ಹೇಳು. ನಾನು ಹೇಳುತ್ತಿದ್ದೆ, ಅವನು ತನ್ನದೊಂದು ಉದಾಹರಣೆ ಕಟ್ಟಿ ನನ್ನ ಮುಂದೆ ಇಡುತ್ತಿದ್ದ. ಸರಿ ಇದ್ದರೆ ಮಕ್ಕಳ ಹಾಗೆ ಹಿಗ್ಗುತ್ತಿದ್ದ. ನನ್ನ ಜೀವನದಲ್ಲಿ ಅಪ್ಪನೂ ನಾನೂ ಅಷ್ಟು ಹತ್ತಿರ ಇದ್ದದ್ದು ಆ ಮೂರ್ನಾಲ್ಕು ತಿಂಗಳು ಮಾತ್ರ.

ಅದೇ ಹೊತ್ತಿಗೆ ಎಮ್ಮೆಯ ಪ್ರಸಂಗ ನಡೆಯಿತು. ಹಳೆಯ ಎಮ್ಮೆಯ ಹಾಲು ಬತ್ತಿತ್ತು, ಹೊಸದು ತರಬೇಕಿತ್ತು. ತಂಬೂರ ಎಂಬ ಊರಿನಲ್ಲಿ ಅಪ್ಪ ಒಂದು ನೋಡಿದ್ದ. ಇನ್ನೊಂದು ನಮ್ಮ ಸೋದರತ್ತೆಯ ಮನೆಯದು, ಕೊಡುವುದಕ್ಕೆ ಅವಳೂ ತಯಾರಿದ್ದಳು. ಇಂಥ ಯಾವ ಕೆಲಸಕ್ಕೂ ನಮ್ಮೂರಿನಲ್ಲಿ ದ್ಯಾಮವ್ವನ ಗುಡಿಗೆ ಹೋಗಿ ಪ್ರಸಾದ ಕೇಳುವುದು ಪದ್ಧತಿ. ಪೂಜಾರಿ ಅಜ್ಜ ಎರಡು ಹೂವನ್ನು ನೀರಿನಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಹಚ್ಚುತ್ತಾನೆ. ಕೇಳುವವರು ಎದುರಿಗೆ ನಿಂತು ಬಾಯಿ ಬಿಟ್ಟು ಕೇಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಬೋರು ಹೊಡೆಸುವುದಕ್ಕೂ ಹೀಗೇ, ಹೆಣ್ಣು ಕೊಡುವುದಕ್ಕೂ ಹೀಗೇ. ಯಾವ ಹೂವಿಗೆ ನೀರು ಹೆಚ್ಚು ಹತ್ತಿತ್ತು ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ನನಗೂ ಇರಲಿಲ್ಲ.

ತಂಬೂರದ ಎಮ್ಮೆ ತಂದರೆ ಒಳ್ಳೆಯದಾಗುವುದಿದ್ದರೆ ಬಲಕ್ಕೆ ಕೊಡು ಎಂದು ಅಪ್ಪ ಕೇಳಿದ. ಬಲಕ್ಕೆ ಬಿತ್ತು. ಅವನು ಮನೆಗೆ ಬಂದವನೇ, ಅತ್ತೆಯ ಎಮ್ಮೆ ಬೇಡವಂತೆ, ದೇವಿ ಒಲ್ಲೆ ಅಂದಿದ್ದಾಳೆ ಎಂದು ಹೇಳಿ ಕಳಿಸಿದ. ಅತ್ತೆ ನಡೆದುಕೊಂಡೇ ಬಂದು ಅಂಗಳದಲ್ಲಿ ನಿಂತು, "ನನ್ನ ಎಮ್ಮಿಗೆ ಏನ್ ರೋಗ ಬಂದೈತೋ ಯಣ್ಣಾ?" ಎಂದು ಕಣ್ಣೀರು ಹಾಕಿದಳು.

ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. "ಅಪ್ಪಾ, ತಂಬೂರದ್ದು ಚೊಲೊ ಅಂದಾಳ ದೇವಿ. ಅತ್ತೀದು ಬ್ಯಾಡ ಅಂತ ಯಾವಾಗ ಅಂದ್ಲು? ಅದನ್ನ ನೀ ಕೇಳೇ ಇಲ್ಲಲ್ಲ. ಎರಡೂ ಚೊಲೊ ಇರಬೌದು."

ಅಪ್ಪ ನನ್ನನ್ನೇ ನೋಡಿದ. ಮರುದಿನ ಮತ್ತೆ ಗುಡಿಗೆ ಹೋಗಿ ಅತ್ತೆಯ ಎಮ್ಮೆಯನ್ನೂ ಕೇಳಿದ. ಅದಕ್ಕೂ ಬಲಕ್ಕೇ ಬಿತ್ತು. ಗುಡಿಯಿಂದ ಮನೆಯ ತನಕ ನಗುತ್ತಲೇ ಬಂದ. "ಎರಡೂ ಚೊಲೊ ಅಂದ್ಲು! ಹಂಗಾರ ಇನ್ನ ಆರಸೂದು ನನ್ನ ಕೈಯಾಗ ಐತಿ, ಹೌದಿಲ್ಲೋ?" ಎಂದು ನನ್ನನ್ನು ಕೇಳಿದ. "ಹೌದಪ್ಪಾ, ಇನ್ನ ನಿನಗ ಬೇಕಾದ್ದು ಆರಿಸ್ಕೊ," ಎಂದೆ, ಗುರುವಿನ ಗತ್ತಿನಲ್ಲಿ. ಅತ್ತೆಯ ಎಮ್ಮೆ ನಮ್ಮ ಮನೆಗೆ ಬಂತು. ಅಪ್ಪ ಈ ಕತೆಯನ್ನು ಊರ ಕಟ್ಟೆಯ ಮೇಲೆ ಕೂತು ಹತ್ತು ಮಂದಿಗೆ ಹೇಳಿದ. ನನ್ನನ್ನು ವಕೀಲಬಾಯಿ ಎಂದು ಕರೆಯತೊಡಗಿದ. ನಾನು ಉಬ್ಬಿ ಹೋದೆ.

ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪರೀಕ್ಷೆ. ಅಪ್ಪನೇ ಮೊದಲ ಬಸ್ಸಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನನ್ನ ಹಾಳೆ ಹಿಡಿದು, ಇಂಗ್ಲಿಷ್ ಬಾರದಿದ್ದರೂ ಶಬ್ದದ ಮೇಲೆ ಬೆರಳಿಟ್ಟು, "ಇದು ಯಾವ ಮನಿಗೆ?" ಎಂದು ಕೇಳುತ್ತಿದ್ದ. ನಾನು ಒಳಗೆ ಬರೆಯುವಷ್ಟು ಹೊತ್ತೂ ಗೇಟಿನ ಹೊರಗೆ ರೊಟ್ಟಿಯ ಬುತ್ತಿ ಹಿಡಿದು ಕೂತಿದ್ದ. ತಾನೊಬ್ಬನೇ ತಿಂದಿರಲಿಲ್ಲ.

ಪಾಸಾದೆ. ನಾನು ಎಣಿಸಿದ್ದಕ್ಕಿಂತ ಒಳ್ಳೆಯ ಸ್ಥಾನವೇ ಬಂತು. ಬೇಸಿಗೆಯ ಹೊತ್ತಿಗೆ, ಒಂದು ರಾತ್ರಿ ರೈಲಿನಲ್ಲಿ ಹೋದರೆ ಸಿಗುವ ಊರಿನ ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟು ಹಂಚಿಕೆಯಾಯಿತು. ಐದು ವರ್ಷದ ಓದು, ಅಲ್ಲೇ ಹಾಸ್ಟೆಲ್ಲು. ಶುಕ್ರವಾರದೊಳಗೆ ಒಪ್ಪಿಗೆ ಕಳಿಸಬೇಕು. ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಬೇಕು. ಖರ್ಚಿನ ಮಾತನ್ನು ಅಪ್ಪ ತೆಗೆಯಲಿಲ್ಲ. ತೆಗೆದಿದ್ದರೆ ಎಷ್ಟೋ ವಾಸಿಯಿತ್ತು, ಜಗಳ ಆಡಲಿಕ್ಕೆ ಒಂದು ದಾರಿ ಇರುತ್ತಿತ್ತು.

ಈಗ ಯೋಚಿಸಿದರೆ ಅಪ್ಪ ಯಾವತ್ತೂ ಕಳಿಸುತ್ತೇನೆ ಎಂದಿರಲೇ ಇಲ್ಲ. "ಪಾಸಾಗದ ಹೊರತು ಹೋಗೂ ಮಾತ ಇಲ್ಲ," ಎಂದಿದ್ದ, ಅಷ್ಟೇ. ಪಾಸಾಗುವುದು ಬೇಕು ಎಂದ ಮಾತನ್ನು ನಾನು ಪಾಸಾದರೆ ಸಾಕು ಎಂದು ಕೇಳಿಸಿಕೊಂಡು ಕುಣಿದಿದ್ದೆ. ನೂರು ಪ್ರಶ್ನೆಯಲ್ಲಿ ಕಾಣುತ್ತಿದ್ದ ತಪ್ಪು ಅಪ್ಪನ ಬಾಯಿಂದ ಬಂದಾಗ ಕಾಣಲಿಲ್ಲ. ಅಪ್ಪನ ಮಾತಿಗೆ ಯಾರು ಗೆರೆ ಎಳೆದು ನೋಡುತ್ತಾರೆ?

ಸಹಿ ಕೇಳಿದಾಗ, "ದ್ಯಾಮವ್ವನ್ನ ಕೇಳೂಣು," ಎಂದ. ನನಗೆ ಹೆದರಿಕೆಯಾಗಲಿಲ್ಲ. ಎಮ್ಮೆಗೆ ಎರಡೆರಡು ಸಲ ಹೌದು ಎಂದ ದೇವಿ ನನಗೆ ಇಲ್ಲ ಎನ್ನುತ್ತಾಳೆಯೇ ಎಂದುಕೊಂಡೆ. ಮಂಗಳವಾರ ಬೆಳಗ್ಗೆ ತಲೆಸ್ನಾನ ಮಾಡಿ ಅವ್ವ, ಅಪ್ಪ, ನಾನು ಹೋದೆವು. ದೇವಿಯ ವಾರವಾದ್ದರಿಂದ ಗುಡಿಯಲ್ಲಿ ಮಂದಿ ಇದ್ದರು. ಅಜ್ಜ ಹೂ ಹಚ್ಚಿದ. ಅಪ್ಪ ಕೈ ಮುಗಿದು ಗಟ್ಟಿಯಾಗಿ ಕೇಳಿದ.

"ತಾಯಿ, ನನ್ನ ಮಗಳು ಮನಿಯಾಗ ಇದ್ದು, ಇಲ್ಲೇ ಕಲಘಟಗಿಯೊಳಗ ಕಲತ್ರ ಆಕಿಗೆ ಒಳ್ಳೇದಾಗೂದಿದ್ರ ಬಲಕ್ಕ ಕೊಡವಾ."

ನನ್ನ ಕಿವಿ ನಿಮಿರಿತು. ಇದು ನಾವು ಕೇಳಬೇಕಾದ ಪ್ರಶ್ನೆಯಲ್ಲ. ಹೋದರೆ ಒಳ್ಳೆಯದೋ ಎಂದು ಕೇಳಬೇಕಿತ್ತು. ಗುಡಿಯಲ್ಲಿ ಮಂದಿಯ ನಡುವೆ ಅಪ್ಪನನ್ನು ತಡೆಯುವುದು ಹೇಗೆಂದು ಯೋಚಿಸುವಷ್ಟರಲ್ಲಿ ಬಲಗಡೆಯ ಹೂ ಬಿತ್ತು. ಹಿಂದಿದ್ದವರು, "ಆತ್ ಬಿಡ್ರಿ, ತಾಯಿ ಹೇಳಿದ್ಲು," ಎಂದರು. ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಅಪ್ಪ ಆ ಹೂವನ್ನು ತಂದು ನನ್ನ ಕೈಗೇ ಕೊಟ್ಟ.

ಮನೆಯ ದಾರಿಯಲ್ಲಿ ಕೇಳಿದೆ. "ಅಪ್ಪಾ, ಇದ್ರ ಚೊಲೊ ಅಂದಾಳ. ಹೋದ್ರ ಕೆಟ್ಟ ಅಂತ ಅಂದಿಲ್ಲ."

"ಹೂಂ. ಅಂದಿಲ್ಲ."

"ಹಂಗಾರ ಅದನ್ನೂ ಕೇಳೂಣು ನಡಿ. ಎಮ್ಮೀದು ಕೇಳಿದಂಗ."

"ಬ್ಯಾಡ."

"ಯಾಕ?"

ಅವನು ಚಪ್ಪಲಿಗೆ ಹತ್ತಿದ ಸಗಣಿಯನ್ನು ಕಲ್ಲಿಗೆ ಒರೆಸುತ್ತ ನಿಂತ. ಬುಧವಾರ ದಿನವಿಡೀ ಅಳುತ್ತ ಕೂತೆ. ಗುರುವಾರ ಊಟ ಬಿಟ್ಟೆ. ಶುಕ್ರವಾರ ಪತ್ರವನ್ನು ಅವನ ಎದುರಿಗಿಟ್ಟು ಪೆನ್ನು ಇಟ್ಟೆ. ಅವನು ಪತ್ರವನ್ನು ಮಡಿಸಿ, ಹರಿಯದಂತೆ ಜೋಪಾನವಾಗಿ ದೇವರ ಜಗಲಿಯ ಮೇಲಿಟ್ಟ. ಹರಿದು ಹಾಕಿದ್ದರೆ ನಾನು ಅವನನ್ನು ದ್ವೇಷಿಸಬಹುದಿತ್ತು. ಸಂಜೆ ಐದಕ್ಕೆ ಫೋನಿನಲ್ಲಿ ಒಪ್ಪಿಗೆ ಕಳಿಸುವ ಪುಟ ಮುಚ್ಚಿತು. ಸಹಿ ನಾನೇ ಹಾಕಬಹುದಿತ್ತಲ್ಲ ಎಂದು ಆಮೇಲೆ ನನಗೇ ಅನೇಕ ಸಲ ಅನ್ನಿಸಿದೆ. ಅಪ್ಪನ ಸಹಿ ಮಾಡಲು ನನಗೆ ಬರುತ್ತದೆ. ಅವತ್ತು ಕೈ ಬರಲಿಲ್ಲ, ಏಕೆಂದರೆ ದೇವಿಯ ಹೆದರಿಕೆ ನನಗೂ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ.

ಮೇಡಂಗೆ ಹೇಳಲು ಕಾಲೇಜಿಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಾ ಆ ಪರೀಕ್ಷಿ ಯಾಕ ಬರೀಲಿಲ್ಲ ಅಂತ ನೀ ಯಾವತ್ತೂ ಕೇಳ್ಲಿಲ್ಲ," ಎಂದರು. "ನಿಮ್ಮ ಮನ್ಯಾಗ ದೇವ್ರನ್ನರ ಕೇಳಿದ್ರು. ನಮ್ಮನ್ಯಾಗ ಅದೂ ಇಲ್ಲ." ಆಮೇಲೆ ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದರು.

ಕಲಘಟಗಿಯಲ್ಲೇ ಬಿ.ಎ. ಮುಗಿಸಿದೆ. ದೇವಿ ಹೇಳಿದ ಒಳ್ಳೆಯದು ಯಾವ ದಿಕ್ಕಿನಿಂದ ಬರುತ್ತದೆ ಎಂದು ಮೂರು ವರ್ಷ ಕಾದೆ. ಆನ್‌ಲೈನ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಅದೇ ಇರಬೇಕು. ಆದರೂ ಅಪ್ಪನ ಮೇಲಿನ ಸಿಟ್ಟು ಸ್ವಲ್ಪ ಸ್ವಲ್ಪ ಇಳಿದಿತ್ತು. ಹಳ್ಳಿಯ ಮನುಷ್ಯ, ದೇವಿಗೆ ಹೆದರಿದ, ಇನ್ನೊಮ್ಮೆ ಕೇಳಲು ಧೈರ್ಯ ಸಾಲಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹೋದ ಮಳೆಗಾಲದಲ್ಲಿ ಪೂಜಾರಿ ಅಜ್ಜ ತನ್ನ ವೃದ್ಧಾಪ್ಯ ಪಿಂಚಣಿಯ ಅರ್ಜಿಗೆಂದು ಅಂಗಡಿಗೆ ಬಂದ. ಅವನ ಹೆಬ್ಬೆರಳು ಯಂತ್ರಕ್ಕೆ ಹತ್ತಲಿಲ್ಲ. ಒರೆಸಿ, ಮತ್ತೆ ಒತ್ತಿಸಿ, ಮತ್ತೆ ಒರೆಸಿ ಕಾಯುತ್ತಿದ್ದೆವು. ಕಾಯುವಾಗ ಮಾತು ಬರುತ್ತದೆ.

"ನೀ ವಕೀಲಕಿ ಕಲಿಯಾಕ ಹೋಗ್ಲೇ ಇಲ್ಲಲ್ಲ ಯವ್ವಾ," ಎಂದ.

"ದೇವಿ ಮನಿಯಾಗ ಇರು ಅಂದ್ಲಲ್ಲಾ, ಅಜ್ಜಾ."

"ಅದು ಮಂಗಳವಾರದ್ದು. ಹಿಂದಿನ ದಿನ ನಿಮ್ಮಪ್ಪ ಒಬ್ಬನ ಬಂದಿದ್ದಾ. ಆಕಿ ಹೋದ್ರ ಒಳ್ಳೇದಾಗೂದಿದ್ರ ಕೊಡು ಅಂತ ಕೇಳಿದ್ದಾ. ನಾ ಇನ್ನ ಕೈ ತಗದಿದ್ದಿಲ್ಲ ನೋಡು, ಬಲಗಡೀದು ಬಿತ್ತು. ಅಷ್ಟ ಲಗೂ ಬಿದ್ದಿದ್ದು ನಾ ಕಂಡಿಲ್ಲ. ನಿಮಗ ಹೇಳ್ಯಾನಂತ ತಿಳದಿದ್ನಿ."

ಅಜ್ಜನ ಅರ್ಜಿಯನ್ನು ಪೂರ್ತಿ ಮಾಡಿದೆ. ಹೆಬ್ಬೆರಳು ಕೊನೆಗೂ ಹತ್ತಿತು. ಅಂಗಡಿಗೆ ಕೀಲಿ ಹಾಕಿ ಮನೆಗೆ ಬಂದೆ. ಅಪ್ಪ ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುತ್ತಿದ್ದ, ಅತ್ತೆಯ ಮನೆಯಿಂದ ಬಂದ ಅದೇ ಎಮ್ಮೆ.

"ಅಪ್ಪಾ, ಅವತ್ತು ಸೋಮವಾರ ಒಬ್ಬನ ಗುಡಿಗೆ ಹೋಗಿದ್ದೇನ?"

ಅವನು ಕೈ ನಿಲ್ಲಿಸಲಿಲ್ಲ. "ಹೋಗಿದ್ನಿ."

"ಹೋದ್ರ ಚೊಲೊ ಅಂದಿದ್ಲಂತ."

"ಅಂದಿದ್ಲು." ಚರಿಗೆಯನ್ನು ಮೊಣಕಾಲ ನಡುವೆ ಸರಿಮಾಡಿಕೊಂಡ. "ಮರುದಿನ, ಇದ್ರೂ ಚೊಲೊ ಅಂದ್ಲು. ಎರಡೂ ಚೊಲೊ ಅಂದಮ್ಯಾಲೆ ಆರಸೂದು ನಮ್ಮ ಕೈಯಾಗ ಐತಿ ಅಂತ ನೀನ ಹೇಳಿದ್ದೆಲ್ಲವಾ. ನಾ ದೇವಿ ಮಾತ ಮೀರಿಲ್ಲ."

ಅವನ ದನಿಯಲ್ಲಿ ಕಳ್ಳತನ ಇರಲಿಲ್ಲ. ನಾನು ಕಲಿಸಿದ ಪಾಠವನ್ನು ಸರಿಯಾಗಿ ಒಪ್ಪಿಸುತ್ತಿದ್ದ. ಸುಳ್ಳು ಹೇಳಿರಲಿಲ್ಲ, ದೇವಿಯನ್ನು ಮೀರಿರಲಿಲ್ಲ, ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೊದಲಿನ ಅಪ್ಪನಾಗಿದ್ದರೆ, ಹೋದರೆ ಒಳ್ಳೆಯದು ಎಂದು ಸೋಮವಾರ ದೇವಿ ಹೇಳಿದ ಕೂಡಲೇ ಇರುವುದು ಬೇಡವಂತೆ ಎಂದು ತಿಳಿದು, ಅಳುತ್ತಲಾದರೂ ಸಹಿ ಹಾಕುತ್ತಿದ್ದ. ಆ ದಡ್ಡತನ ನನ್ನನ್ನು ದಡ ಮುಟ್ಟಿಸುತ್ತಿತ್ತು. ಅದನ್ನು ತಿದ್ದಿದವಳು ನಾನು.

"ಆಗ ಆರಿಸಿದ್ದು ಎಮ್ಮಿನ್ನ, ಅಪ್ಪಾ," ಎಂದೆ. "ಎಮ್ಮಿನ್ನ ಯಾರೂ ಕೇಳೂದಿಲ್ಲ. ನನ್ನ ಕೇಳಬೇಕಾಗಿತ್ತು."

ಅವನ ಕೈ ಆಗ ನಿಂತಿತು. ಎಮ್ಮೆ ಹಿಂದಿರುಗಿ ನೋಡಿತು. ಅಪ್ಪ ಚರಿಗೆಯೊಳಗೇ ನೋಡುತ್ತ, "ನೀ ಹ್ವಾದ್ರ ಮನಿ ಬಿಕೋ ಅಂತಿತ್ತು, ಯವ್ವಾ," ಎಂದ.

ಆ ಮಾತು ನಿಜ. ನಾನು ಹೋಗಿದ್ದರೆ ಮನೆ ಬಿಕೋ ಎನ್ನುತ್ತಿತ್ತು, ಅನುಮಾನವಿಲ್ಲ. ಆದರೆ ಮಳೆ ಆಗದಿದ್ದರೂ ಅಂಗಳ ತೋಯಬಹುದು ಎಂಬ ಪಾಠವನ್ನು ಅವನು ಅಲ್ಲಿಗೇ ಮರೆತಿದ್ದ. ನಾನು ಅವನಿಗೆ ನೆನಪು ಮಾಡಿಕೊಡಲಿಲ್ಲ. ಚರಿಗೆ ತೆಗೆದುಕೊಂಡು ಒಳಗೆ ಹೋದೆ.

ಅವತ್ತಿನಿಂದ ನಾನು ಅವನ ಹತ್ತಿರ ಎರಡೇ ಮಾತು ಆಡುತ್ತೇನೆ. ಬೆಳಗ್ಗೆ ಚಹಾ ಇಟ್ಟೀನಿ ಎನ್ನುತ್ತೇನೆ, ಸಂಜೆ ಊಟಕ್ಕ ಏಳು ಎನ್ನುತ್ತೇನೆ. ಅವನು ಪಡಸಾಲೆಯಲ್ಲಿ ತೆನೆ ಬಿಡಿಸುತ್ತ ಕೂತಿರುತ್ತಾನೆ. ಒಮ್ಮೊಮ್ಮೆ ಕೈ ನಿಲ್ಲಿಸಿ, "ಇವತ್ತೇನ್ ಕಲ್ತಿ, ಹೇಳ ಬೇ," ಎಂದು ಕೇಳುತ್ತಾನೆ. ನಾನು ಮನೆಯಲ್ಲೇ ಇದ್ದೇನೆ, ಅವನ ಮುಂದೆಯೇ ಓಡಾಡುತ್ತೇನೆ, ಮತ್ತು ಮನೆ ಬಿಕೋ ಅನ್ನುತ್ತದೆ.